ವೈರ್ ಅಂತ ತಿಳಕೊಂಡೈತಿ

…ವೈರ್, ವೈಶಾಲಿ, ವೈರ್! ನಿನ್ನ ಕೊರಳಾಗಿನ ಕರಿಮಣಿ ಸರಾನ ಲೈಟಿನ ವೈರ್ ಅಂತ ತಿಳಕೊಂಡೈತಿ ಈ ಹಲ್ಕಟ್ ಸಾಫ್ಟ್‌ವೇರ್. ತಿಳಕೊಂಡು ಫೋಟೋದಾಗಿಂದ ತಗದು ಒಗದೈತಿ. ಆಗಿದ್ದು ಇಷ್ಟ. ಇಷ್ಟಕ್ಕ ನೀ ಉಣ್ಣೋದು ಬಿಟ್ಟು, ಬಿಸಲಾಗ ಮನಿಯಿಂದ ಸ್ಟುಡಿಯೋತನಕ ಓಡಿ ಬರಬೇಕಾಗಿತ್ತೇನು? ಕೂಡು. ಆ ಸ್ಟೂಲ್ ಮ್ಯಾಲೆ ಬ್ಯಾಡ, ಅದು ಪಾಸ್‌ಪೋರ್ಟ್ ಫೋಟೋದವ್ರಿಗೆ, ಅಲಗಾಡತೈತಿ. ಕುರ್ಚಿ ತಗೋ. ಫ್ಯಾನ್ ಹಚ್ಚಲೇನು?

ಯಾಕ ನಗತಿ? ನಗೋ ಮಾತಲ್ಲವ್ವಾ ಇದು. ಸೋಮವಾರ ಮುಂಜಾನೆ ಬಾಗಲಾ ತಗದು, ಊದಿನಕಡ್ಡಿ ಬೆಳಗಿ, ಕಂಪ್ಯೂಟರ್ ಚಾಲೂ ಮಾಡಿದ್ನೋ ಇಲ್ಲೋ, ಎದುರಿಗೆ ಬಂದು ನಿಂತೈತಿ: 'ಹೊಸಾ ಅಪ್‌ಡೇಟ್ ಬಂದೈತಿ, ಈಗ ಹಾಕಲೋ, ಸಂಜಿಗೆ ಹಾಕಲೋ?' ಬ್ಯಾಡ ಅನ್ನೋ ಗುಂಡಿನ ಇಲ್ಲ! ಎದುರಿನ ಮನಶ್ಯಾಗ ಬ್ಯಾಡ ಅನ್ನಾಕ ಜಾಗಾ ಇಡಲಾರದವ್ರನ್ನ ನಾ ನಂಬಂಗಿಲ್ಲ. ಈ ಸಯನ್‌ನಾಗ ಇಷ್ಟು ವರ್ಷ ಸ್ಟುಡಿಯೋ ನಡಸೇನಿ, ನಿಮ್ಮಪ್ಪ ಚನ್ನಬಸಯ್ಯನ ಕಣ್ಣಿಗೆ ಮಣ್ಣು ಹಾಕೋದು ಸಸಾರ ಅಲ್ಲ. ಆದ್ರ ಇದು ಹಾಕ್ತು ನೋಡು. ಸಂಜಿಗೆ ಅಂತ ಒತ್ತಿದೆ, ಚಹಾ ಕುಡದು ಬರೂದ್ರಾಗ ತಾನ ಹಾಕ್ಕೊಂಡು ಕೂತಿತ್ತು.

ಏನೇನೈತಿ ಅದ್ರಾಗ ಅಂತೀಯಾ? ನೀ ಕೇಳಂಗಿಲ್ಲ, ಆದ್ರೂ ಹೇಳ್ತೀನಿ. ಆಕಾಶ ಬದಲೀ ಮಾಡತೈತಿ. ನಮ್ಮ ಸಯನ್ ಸರ್ಕಲ್‌ನ ಹೊಗಿ ಹಿಡದ ಆಕಾಶ ಒಂದ ಸಲ ಒತ್ತಿದ್ರ ನೀಲಿ! ಮಾರಿ ಮ್ಯಾಗಿನ ಕಲಿ, ಮೊಡವಿ ತಾನ ಹುಡುಕಿ ತಗೀತೈತಿ. ಹಿಂದ ಹಾದು ಹೋಗೋ ಮಂದೀನ ಮಾಯಾ ಮಾಡತೈತಿ. ಮತ್ತ ವೈರ್! ಚಾಳಿನ ಮುಂದ ನಿಂದರಿಸಿ ಫೋಟೋ ತಗದ್ರ ತಲಿ ಮ್ಯಾಲೆ ಹತ್ತು ವೈರ್ ಇರತಾವಲ್ಲ, ಕೇಬಲಿಂದೊಂದು, ಲೈಟಿಂದೊಂದು, ಇಂಟರ್‌ನೆಟ್ಟಿಂದೊಂದು? ಮೊದಲ ಅವನ್ನ ಒಂದೊಂದ ಅಳಸಿ ಅಳಸಿ ನನ್ನ ರಟ್ಟಿ ಹೋಗತಿತ್ತು. ಈಗ ಒಂದ ಗುಂಡಿ. ಛಲೋ ಐತಿ, ಇಲ್ಲಂತ ಹೇಳಂಗಿಲ್ಲ. ಆದ್ರ ಬುದ್ಧಿ ಇಲ್ಲದ ಕೈಗೆ ಕತ್ತರಿ ಕೊಟ್ಟಂಗಾಗೈತಿ. ಮೊನ್ನೆ ನಮ್ಮ ಬಿಲ್ಡಿಂಗಿನ ಗಂಗುಬಾಯಿ ಫೋಟೋದಾಗ ಮೂಗಿನ ನತ್ತು ಕಲಿ ಅಂತ ತಗದ ಬಿಡ್ತು. ಮುದುಕಿ ನನಗ ಬೈದ ಬೈಗುಳ ಏನ್ ಕೇಳ್ತಿ! 'ನನ್ನ ಗಂಡ ಮಾಡಿಸಿದ್ದು, ನಿನ್ನ ಕಂಪ್ಯೂಟರ್ ಯಾಂವ ತಗಿಯಾಕ' ಅಂತ…

ಹಾಂ. ಹೌದು. ನಿನ್ನ ಫೋಟೋನ ಯಾಕ ತಗೊಂಡೆ… ಮನೀದಂತ ತಗೊಂಡೆ. ಹೊಸಾ ಆಟಗೀನ ಗಿರಾಕಿ ಫೋಟೋ ಮ್ಯಾಲೆ ಪರೀಕ್ಷಾ ಮಾಡಾಕ ಬರತೈತೇನು? ಲಗ್ನಾದ ಮ್ಯಾಲೆ ಮೊದಲನೇ ಪಂಚಮಿಗೆ ಬಂದಿದ್ದಿಯಲ್ಲ, ಹಸರ ಇಳಕಲ್ ಸೀರ್ಯಾಗ ತಗದಿದ್ದೆ, ಅದು. ಎಷ್ಟ ಛಂದ ನಕ್ಕಿದ್ದಿ ಅದ್ರಾಗ! ಅಂಥ ನಗಿ ಈಗೆಲ್ಲೈತಿ ನಮ್ಮ ಮನ್ಯಾಗ?

ಅರಿವಿ ಅಂಗಡಿ ಕಾಶಪ್ಪನ ಫೋನಿಗೆ ಹೆಂಗ ಹೋತು ಅಂತೀಯಾ? ಅಲ್ಲಾ… ಅದ ನನಗೂ ತಿಳೀವಲ್ದು. ಅದೂ ಹೊಸದ ಇರಬೇಕು, ತಾನ ಕಳಸೋದು. ಫೋಟೋ ತಯಾರಾದ ಕೂಡಲೇ 'ಯಾರಿಗೆ ಕಳಸಲಿ' ಅಂತ ಹೆಸರು ತೋರಸತೈತಿ. ಕಂಪ್ಯೂಟರ್ ರಿಪೇರಿಯವನ ಹೆಸರಿನ ಮಗ್ಗಲಕ್ಕ ಕಾಶಪ್ಪನ ಹೆಸರು. ಬೆರಳು ಜಾರಿರಬೇಕು. ಅಂವಗ ತಮ್ಮ ಅದಾನ, ಶಶಿಕಾಂತ, ಹೇಣ್ತಿ ತೀರಿಕೊಂಡು ಎರಡು ವರ್ಷಾತು, ಕನ್ಯಾ ಹುಡಕಾಕತ್ತಾರ, ಇದೆಲ್ಲ ಖರೇ. ಆದ್ರ ಅದಕ್ಕೂ ಇದಕ್ಕೂ ಏನ ಸಂಬಂಧ? ವಡಾಲದಾಗ ಅರಿವಿ ಅಂಗಡಿ ಇಟ್ಟವ್ರಿಗೆಲ್ಲ ತಮ್ಮಂದಿರು ಇರಬಾರದೇನು?

ಮೊದಲ ನೀ ಹೇಳು. ಆ ಸ್ನೇಹಲ್ ನಿನಗ ಈ ಫೋಟೋನ ಯಾಕ ಕಳಿಸಿದ್ಲು? ಕಾಶಪ್ಪನ ಅಂಗಡ್ಯಾಗ ಬಿಲ್ ಮಾಡಾಕ ಕುಂದರಸ್ಯಾರೋ, ಶೇಟನ ಫೋನಿನಾಗ ಇಣಕಾಕ ಕುಂದರಸ್ಯಾರೋ? ಕಾಲೇಜಿನ ಗೆಳತಿ, ಗೊತ್ತೈತಿ. ನನಗ ಮೊದಲಿಂದ ಆಕಿ ಮ್ಯಾಲೆ ಅನುಮಾನ. ನಿನ್ನ ಲಗ್ನದಾಗನೂ ನಿನ್ನ ಗಂಡ ದೇವಾನಂದನ ಕಡಿಯವ್ರ ಕೂಡನ ಹೆಚ್ಚು ಓಡಾಡಿದ್ಲು. ಅವನ ಹೇಳಿ ಕಳಸ್ಯಾನೇನು? 'ಮಾವ ಏನ ಮಾಡಾಕತ್ತಾನ ನೋಡು, ಕಣ್ಣಿಡು' ಅಂತ?

ಮತ್ತ ಮಾರಿ ಆ ಕಡೆ ತಿರವಿದಿ. ಹಿಂಗ, ಇದ! ಗಣಪತಿ ಹಬ್ಬದಾಗ ಬ್ಯಾಗ್ ತಗೊಂಡು ಬಾಗಲದಾಗ ನಿಂತಿ, 'ಎಂಟು ದಿನಾ ಇರತೀನಿ' ಅಂದಿ. ಗಣಪತಿ ಹೋದ. ದೀಪಾವಳಿ ಹೋತು. ಸಂಕ್ರಾಂತಿ ಎಳ್ಳೂ ಹಂಚಿ ಆತು. ದೇವಾನಂದ ಹೊಡದಾನೇನು ಅಂದ್ರ ತಲಿ ಅಲಗಾಡಸ್ತಿ. ಕುಡೀತಾನೇನು? ತಲಿ ಅಲಗಾಡಸ್ತಿ. ಅವರವ್ವ ಏನರ ಅಂದ್ಳೇನು? ಅದಕ್ಕೂ ಇಲ್ಲ. ಮತ್ತ್ಯಾಕ ಬಂದಿ ಅಂದ್ರ ಭಾಂಡೆ ತಿಕ್ಕಾಕ ಎದ್ದು ಹೋಗ್ತಿ. ಫೋನ್ ಬಂತಂದ್ರ ಗ್ಯಾಲರಿಗೆ ಹೋಗಿ ಬಾಗಲಾ ಮುಂದ ಮಾಡ್ಕೋತಿ. ಯಾರ ಫೋನ್ ಅದು? ಅವಂದ ಹೌದಿಲ್ಲ? ಏನಂತಾನ? ಬಾ ಅಂತಾನೋ, ಬರಬ್ಯಾಡ ಅಂತಾನೋ? ಸಾಂತಾಕ್ರೂಜ್ ಏನು ಅಮೇರಿಕಾ ಐತೇನು? ದೊಡ್ಡ ಹೋಟೇಲಿನ್ಯಾಗ ಮ್ಯಾನೇಜರ್ ಆದ್ರ ಒಂದ ಸಲ ಬಸ್ ಹತ್ತಿ ಮಾವನ ಮನಿಗೆ ಬರಾಕ ಕಾಲು ಸವೀತಾವೇನು? ನನಗ ಸಿಟ್ಟು ಬರತೈತಿ ವೈಶಾಲಿ. ಸಿಟ್ಟಿಗಿಂತ ಹೆಚ್ಚು ಅಂಜಿಕಿ. ಕಣ್ಣ ಮುಂದ ಮಗಳು ದಿನಾ ಒಂಚೂರು ಒಣಗಿ ಹೋಗಾಕತ್ರ ಹೆತ್ತವ್ರು ಏನ ಮಾಡಬೇಕು?

ಅದಿರಲಿ. ಮಾತು ಫೋಟೋದ್ದಿತ್ತು. ನಾ ಸುಳ್ಳು ಹೇಳಾಕತ್ತೇನಿ ಅಂತ ನಿನ್ನ ಮಾರಿ ಮ್ಯಾಲೆ ಬರದೈತಿ. ಬಾ ಇಲ್ಲೆ, ಬಾ. ಕಂಪನಿಯವ್ರ ಬರದು ಕೊಟ್ಟಾರ, ಅಪ್‌ಡೇಟಿನ್ಯಾಗ ಏನೇನೈತಿ ಅಂತ. ನಿನ್ನ ಮುಂದ ಓದತೀನಿ, ಆಮ್ಯಾಲೆ ಹೇಳು ತಪ್ಪು ಯಾರ್ದಂತ. ನನ್ನ ಕನ್ನಡಕ… ಹಾಂ, ಹಣಿ ಮ್ಯಾಲೆ ಐತಿ.

'ಹೊಸಾದು.' ಕೇಳಿಸ್ಕೋ. 'ಒಂದ ಒತ್ತಿಗೆ ಆಕಾಶ ಬದಲು.' ಹೇಳಿದ್ನಿಲ್ಲೋ? 'ಫೋಟೋದಾಗಿನ ವೈರ್, ಕೇಬಲ್ ತಾನ ಗುರ್ತಿಸಿ ತಗೀತೈತಿ.' ನೋಡು! ವೈರ್ ಅಂತ ಬರದಾರೋ ಇಲ್ಲೋ? ದೊಡ್ಡ ಅಕ್ಷರದಾಗ! 'ಮಾರಿ ಮ್ಯಾಗಿನ ಕಲಿ ತಗೀತೈತಿ.' ಬಂತಿಲ್ಲೋ? ಕೆಳಗ ಏನೈತಿ? ಬ್ಯಾಡ ಬಿಡು, ಅದು ರಿಪೇರಿದು, ನಮಗ್ಯಾಕ… ಓದಂತೀಯಾ? ಆತು, ಓದೋಣ, ಅಂಜಿಕಿ ಏನೈತಿ?

'ಸರಿ ಮಾಡಿದ್ದು.' 'ದೊಡ್ಡ ಫೋಟೋ ತಗದ್ರ ಬಂದ್ ಬೀಳತಿತ್ತು, ಸರಿ ಮಾಡೇವಿ.' ಛಲೋ ಆತು. 'ಪ್ರಿಂಟಿನ್ಯಾಗ ಬಣ್ಣ ಹಳದಿ ಬರತಿತ್ತು, ಸರಿ ಮಾಡೇವಿ.' ಇದನ್ನ ಮಾಡಾಕ ಇಷ್ಟು ದಿನಾ ಬೇಕಾತು ಅವ್ರಿಗೆ. 'ಮನಶ್ಯಾರ ಕೊರಳಾಗಿನ ಸರಾ, ಮಣಿ, ದಾರ… ವೈರ್ ಅಂತ ತಿಳದು ತಗೀತಿತ್ತು…'

…

ಏನಿಲ್ಲ, ಕನ್ನಡಕ ಜಾರತು. 'ಫಿಕ್ಸಡ್' ಅಂತ ಐತಿ ಮುಂದ. ಫಿಕ್ಸಡ್ ಅಂದ್ರ ಸರಿ ಮಾಡೇವಿ ಅಂತನ ಆಗಬೇಕಂತೇನಿಲ್ಲ ಮತ್ತ. ಖಾಯಂ ಮಾಡೇವಿ ಅಂತನೂ ಆಗತೈತಿ. ಲಗ್ನಾ ಫಿಕ್ಸ್ ಆತು ಅಂತೀವಲ್ಲ, ಹಂಗ… ಅಲ್ಲ, ಲಗ್ನದ ಮಾತು ನಾ ಯಾಕ ತಗೀಲಿ? ಉದಾಹರಣಿಗೆ ಹೇಳಿದೆ. ಇಂಗ್ಲಿಷ್ ಅಂದ್ರ ಹಿಂಗ, ಒಂದ ಮಾತಿಗೆ ನಾಕು ಅರ್ಥ.

ಮೌಸ್ ಯಾಕ ತಗೊಂಡಿ? ಬ್ಯಾಡ, ಅದು ಗಿರಾಕಿದು… ಯಾರ್ದದು, ನಿಮ್ಮವ್ವನ ಫೋಟೋ? ಆಕೀದಕ್ಕ ಯಾಕ ಕೈ ಹಚ್ತಿ? ನೋಡಬೇಕಂತೀಯಾ? ಒತ್ತು. ವೈರ್ ತಗಿಯೋ ಗುಂಡಿ ಅದ, ಎಡಕ್ಕಿಂದು. ಒತ್ತು, ಈಗ ನೋಡ್ತಿರು, ನಿಮ್ಮವ್ವನ ತಾಳಿ ಹೆಂಗ…

ಐತಿ. ಹಂಗ ಐತಿ. ಹಿಂದಿನ ಗ್ವಾಡಿ ವೈರ್ ಹೋತು, ಸರಾ ಹಂಗ ಐತಿ. ಇನ್ನೊಂದ ಸಲ ಒತ್ತು… ಒತ್ತಬ್ಯಾಡ ಬಿಡು.

ಆತವ್ವಾ. ನಾನ ತಗದೆ. ಕೈಯಾರೆ ತಗದೆ. ಬೆರಳು ಜಾರಿಲ್ಲ, ನಾನ ಕಳಿಸೇನಿ ಕಾಶಪ್ಪಗ. ಏನು ಖೂನ್ ಮಾಡೇನೇನು? ಮಗಳ ಬಾಳೇವು ನೆಟ್ಟಗ ಆಗಲಿ ಅಂತ ಮಾಡೇನಿ. ಶಶಿಕಾಂತ ಛಲೋ ಹುಡುಗ, ನೌಕರಿ ಐತಿ, ಬಾಯಿ ಮೆತ್ತಗ. ರವಿವಾರ ನಿನ್ನ ನೋಡಾಕ ಬರತಾರ. ನೋಡಿ ಹೋಗಲಿ, ಅಷ್ಟ! ನಿನಗ ಬ್ಯಾಡಾದ್ರ ಬ್ಯಾಡ. ನಿಮ್ಮವ್ವಗ ಗೊತ್ತಿಲ್ಲ, ಆಕಿ ಮ್ಯಾಲೆ ಸಿಟ್ಟಾಗಬ್ಯಾಡ. ದೇವಾನಂದನ ಕೂಡ ಬಿಡುಗಡಿ ಕಾಗದಾ ಆಗಬೇಕು, ಅದೂ ಗೊತ್ತೈತಿ ನನಗ, ಅದನ್ನೆಲ್ಲ ಆಮ್ಯಾಲೆ ವಕೀಲರಿಗೆ ಹೇಳಿ… ಅವ್ರಿಗೂ ಹೇಳೇನಿ ಎಲ್ಲಾ, ಬಿಚ್ಚಿ ಹೇಳೇನಿ, ಮುಚ್ಚಿಟ್ಟಿಲ್ಲ. ಗಂಡ ಬಿಟ್ಟಾಕಿ ಅಂತ ಗೊತ್ತಿದ್ದ ಬರಾಕತ್ತಾರ.

ಈಗೇನು? ಎಲ್ಲಾ ಹೇಳಿದ್ನಲ್ಲ, ಮತ್ತ್ಯಾಕ ಫೋಟೋ ದೊಡ್ಡದು ಮಾಡ್ತಿ? ಹಣಿ… ಹಣಿ ಮ್ಯಾಲೆ ಯಾಕ ಬೆರಳು ಇಟ್ಟಿ?

ಕುಂಕುಮಾ. ಹಾಂ. ಅದೂ ಹೋಗೈತಿ. ಸರಾ ತಗಿಯೋವಾಗ ಕೈ ತಾಗಿ… ಹೌದು, ಹಣಿ ಎಲ್ಲೆ, ಕೊರಳು ಎಲ್ಲೆ. ಲಗ್ನಾಗದ ಹುಡುಗೇರೂ ಕುಂಕುಮಾ ಹಚ್ಕೋತಾರ, ನನಗೇನು ಗೊತ್ತಿಲ್ಲೇನು? ಗಂಡ ಬಿಟ್ಟಾಕಿನೂ ಹಚ್ಕೋತಾಳ. ಹಚ್ಕೊಳ್ಳಲಾರದಾಕಿ ಅಂದ್ರ… ಹಂಗ ನೋಡಬ್ಯಾಡ ವೈಶಾಲಿ. ಬೈಯಿ, ಏನರ ಒಗಿ ಬೇಕಾದ್ರ.

ನಾ ಸತ್ತಾನ ಅಂದಿಲ್ಲ! ಶಿವನಾಣಿ, ಆ ಮಾತು ನನ್ನ ಬಾಯಾಗ ಬಂದಿಲ್ಲ. ಕಾಶಪ್ಪ ಸಯನ್ ಸ್ಟೇಶನ್‌ದಾಗ ಸಿಕ್ಕ. 'ಮಗಳು ಇಲ್ಲೇ ಅದಾಳಂತಲ್ಲ, ಅಳಿಯಂದ್ರು?' ಅಂದ. ನಾ 'ಇಲ್ಲ' ಅಂದೆ. ಅಷ್ಟ! ಇಲ್ಲ ಅಂದ್ರ ನಮ್ಮ ಮನ್ಯಾಗ ಇಲ್ಲ, ಆಕಿ ಕೂಡ ಇಲ್ಲ. ಅಂವಾ ನೋಡಿದ್ರ ಟೊಪಗಿ ತಗದು ನಿಂತ. 'ಶಿವ ಶಿವಾ, ಯಾವಾಗ ಹೋದ್ರು?' ಅಂದ. 'ಗಣಪತಿ ಹಬ್ಬದಾಗ' ಅಂದೆ. ಅವಾಗ ಅಲ್ಲೇನು ನೀವು ಬ್ಯಾರೆ ಆಗಿದ್ದು? ಅದೂ ಸುಳ್ಳಲ್ಲ! ಅಷ್ಟರಾಗ ಲೋಕಲ್ ಬಂತು, ಮಂದಿ ನೂಕಾಡಾಕ ಹತ್ತಿದ್ರು, ಅಂವಾ ನನ್ನ ಕೈ ಹಿಡಕೊಂಡು ಕಣ್ಣಾಗ ನೀರು ತಂದ. ತನ್ನ ತಮ್ಮಂದೂ ಇದ ಹಾಡು ಅಂದ. ತಿದ್ದಬೇಕು ಅಂದ್ಕೊಂಡೆ. ಬಾಯಿ ತಗದೆ. ಆ ಒಂದ 'ಇಲ್ಲ' ಅನ್ನೋ ಮಾತಿನ್ಯಾಗ ನಿನ್ನ ಬಾಳೇವು ಸರಿ ಹೋಗತೈತಿ ಅನಿಸ್ತು, ಬಾಯಿ ಮುಚ್ಚಿದೆ. ಮರದಿನಾ ಫೋಟೋ ಕೇಳಿದ್ರು. ಸರಾ ತಗಿಯೋದು ಏನೂ ಅನಸಲಿಲ್ಲ, ಕುಂಕುಮಾ ಅಳಸಾಕ ಕೂತಾಂವ ಮೂರು ಸಲ ಎದ್ದು ಹೊರಗ ಹೋಗಿ ಬಂದೆವ್ವಾ. ನನ್ನ ಮಗಳ ಹಣಿ ಅದು.

ಅಳಬ್ಯಾಡ. ಅಳಾಕತ್ತಿಲ್ಲೇನು? ಮತ್ತ ಫೋನ್ ಯಾಕ ತಗದಿ? ಕಾಶಪ್ಪಗ ಹಚ್ತೀಯೇನು? ಹಚ್ಚು. ನಾನ ಹೇಳತೀನಿ, ತಪ್ಪಾತು ಅಂತೀನಿ, ಕೊಡು ಇತ್ತಾಗ. ರಿಂಗ್ ಆಗಾಕತ್ತೈತಿ. ಹಲೋ? ಹಲೋ ಕಾಶಪ್ಪನವ್ರ, ನಾ ಚನ್ನಬಸ…

ಆಂ?

…ಅಳಿಯಂದ್ರ? ಹಾಂ… ಹಾಂ ರೀ, ನಾನ, ನಿಮ್ಮ ಮಾವ. ವೈಶಾಲಿ ಇಲ್ಲೇ ಅದಾಳ್ರೀ, ಆಕೀನ ಹಚ್ಚಿ ಕೊಟ್ಲು. ಏನಿಲ್ರೀ, ಹಂಗ ಸುಮ್ಮನ… ನೀವು ಆರಾಮ ಅದೀರಿ?