ಗುರುವಾರದ ಉಬ್ಬು

ನಾಲ್ಕು ಊಟದ ಮೇಜುಗಳನ್ನು ಜೋಡಿಸಿ ನಾವೇ ವೇದಿಕೆ ಎಂದು ಕರೆದುಕೊಂಡಿರುವ ಈ ಜಾಗದಲ್ಲಿ ಅಧ್ಯಕ್ಷತೆ ವಹಿಸಿರುವ, ಕ್ಯಾಂಟೀನ್ ಕೆಲಸಗಾರರ ಮುಖಂಡೆ ಬೋಂಗ್ ಸುಕ್‌ಜಾ ಅವರೇ, ರೈಲ್ವೆ ಸಂಘದಿಂದ ಬಂದಿರುವ ಮುಖ್ಯ ಅತಿಥಿ, ಹಿರಿಯರಾದ ದೊಕ್‌ಸು ಅವರೇ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಪ್ರಯೋಗಾಲಯದ ತಂತ್ರಜ್ಞೆ ಪ್ಯೋ ಒಕ್‌ಬುನ್ ಅಕ್ಕ ಅವರೇ, ಕೂರಲು ಕುರ್ಚಿ ಸಾಲದೆ ತಟ್ಟೆ ಹಿಡಿದುಕೊಂಡೇ ನಿಂತಿರುವ ಸಭಿಕರೇ,

ಮೊದಲು ಕೊಟ್ಟ ಮಾತುಗಳನ್ನು ಹೇಳಿಬಿಡುತ್ತೇನೆ. ಆಮೇಲೆ ಹೊಗಳಿಕೆ.

ಈ ಬೀಳ್ಕೊಡುಗೆಗೆ ದೊಡ್ಡ ಸಭಾಂಗಣ ಕೊಡುತ್ತೇವೆ ಎಂದರು ಸಂಸ್ಥೆಯವರು, ಕೊಡಲಿಲ್ಲ. ಇಪ್ಪತ್ತೇಳು ವರ್ಷ ದುಡಿದವರಿಗೆ ಸನ್ಮಾನ ಫಲಕ ಎಂದರು, ಫಲಕ ಕಾಯಂ ನೌಕರರಿಗೆ ಮಾತ್ರ ಎಂದು ಮೊನ್ನೆ ತಿಳಿಸಿದರು. ೨೦೦೭ರಲ್ಲಿ ಕಾಯಂ ಮಾಡುತ್ತೇವೆ ಎಂದರು, ಮಾಡಲಿಲ್ಲ. ಪ್ರಬಂಧದಲ್ಲಿ ಹೆಸರು ಹಾಕುತ್ತೇವೆ ಎಂದರು, ಹಾಕಲಿಲ್ಲ. ಕಡತದಲ್ಲಿರುವ ಎಚ್ಚರಿಕೆ ಪತ್ರವನ್ನು ಮೂರು ವರ್ಷದ ನಂತರ ತೆಗೆಯುತ್ತೇವೆ ಎಂದರು. ಹತ್ತೊಂಬತ್ತು ವರ್ಷವಾಯಿತು, ಅದು ಅಲ್ಲೇ ಇದೆ.

ಕೊಟ್ಟದ್ದು ಒಂದೇ, ಬಾಗಿಲಲ್ಲಿ ನಿಂತಿರುವ ಆ ಹೂಚಕ್ರ. ಅದರ ರಿಬ್ಬನ್ ಮೇಲೆ ಅಕ್ಕನ ಹೆಸರನ್ನು ತಪ್ಪಾಗಿ ಬರೆದಿದ್ದಾರೆ. ಸುಕ್‌ಜಾ ಅವರು ಬೆಳಿಗ್ಗೆ ಅದನ್ನು ನೋಡಿ, "ಸತ್ತೋರಿಗೆ ಕಳಿಸೋ ಹೂವಲ್ವೇನೇ ಇದು? ಬದುಕಿರೋರ ಹೆಸರು ಬರೆಯೋ ಅಭ್ಯಾಸ ತಪ್ಪೋಗಿದೆ ಅವರಿಗೆ" ಎಂದರು. ನಕ್ಕೆವು. ನಗದೆ ಇನ್ನೇನು ಮಾಡುವುದು?

ಅಕ್ಕ ಕೇಳುತ್ತಿರುವುದು ಏನು? ಸಭಾಂಗಣ ಕೇಳುತ್ತಿಲ್ಲ, ಫಲಕವನ್ನೂ ಕೇಳುತ್ತಿಲ್ಲ. ಆ ಎಚ್ಚರಿಕೆ ಪತ್ರವನ್ನು ಹರಿದು ಹಾಕಿ ಎಂದಷ್ಟೇ ಕೇಳುತ್ತಿದ್ದಾರೆ. ತಿಂಗಳ ಕೊನೆಗೆ ಅವರ ಕಡತಕ್ಕೆ ಮುದ್ರೆ ಬೀಳುತ್ತದೆ. ಮುದ್ರೆ ಬಿದ್ದ ಮೇಲೆ ಯಾವ ಸಮಿತಿಯೂ ಅದನ್ನು ತೆರೆಯುವುದಿಲ್ಲ. "ಕೆಲಸ ಕೆಡಿಸಿದವಳು ಅಂತ ಬರೆದಿರೋ ಕಾಗದ ಹಿಂದೆ ಬಿಟ್ಟು ನಾನು ಮನೆಗೆ ಹೋಗಲ್ಲ" ಎಂದು ಅವರು ಹೇಳಿದ್ದಾರೆ. ಅವರು ಹೆಚ್ಚು ಮಾತಾಡುವವರಲ್ಲ. ಒಮ್ಮೆ ಹೇಳಿದರೆ ಹೇಳಿದಂತೆ.

ಸಭಿಕರೇ, ಆ ಕಾಗದ ಹೇಗೆ ಹುಟ್ಟಿತು ಎಂದು ಹೇಳಬೇಕಾದರೆ ನಾನು ಒಂದು ಎಲೆಕ್ಟ್ರಾನಿನ ವಿಷಯ ಹೇಳಬೇಕು. ಅಡುಗೆಯವರು ಗಾಬರಿಯಾಗಬೇಡಿ. ನೀವು ದಿನಾ ಎಂಟುನೂರು ಜನಕ್ಕೆ ಸಾರು ಕುದಿಸುವವರು, ನಿಮಗೆ ಇದು ದೊಡ್ಡದಲ್ಲ.

ದೇಜಾನ್ ನಗರದ ಈ ಸಂಸ್ಥೆಯ ನೆಲಮಾಳಿಗೆಯಲ್ಲಿ ನಾವು ಸಿಲಿಕಾನಿನ ಒಂದು ಚೂರನ್ನು ಮಂಜಿಗಿಂತ ಎಷ್ಟೋ ತಣ್ಣಗಿನ ದ್ರವ ಹೀಲಿಯಂ ಪಾತ್ರೆಯೊಳಗೆ ಇಳಿಸಿ ತಣ್ಣಗೆ ಮಾಡುತ್ತಿದ್ದೆವು. ಅದರೊಳಗಿನ ಒಂದು ಎಲೆಕ್ಟ್ರಾನನ್ನು ಬಹಳ ನಾಜೂಕಾದ ಒಂದು ಸ್ಥಿತಿಗೆ ತರುತ್ತಿದ್ದೆವು. ಆ ಸ್ಥಿತಿ ಉಳಿಯುವುದಿಲ್ಲ. ಸುತ್ತಲಿನ ಪರಮಾಣುಗಳು ತಾಕುತ್ತವೆ, ಜಗ್ಗುತ್ತವೆ, ಅದು ಕರಗುತ್ತದೆ. ಕರಗುವುದನ್ನು ಅಳೆದು ಒಂದು ಗೆರೆ ಎಳೆಯುವುದೇ ನಮ್ಮ ಕೆಲಸ. ಗೆರೆ ಮೇಲಿನಿಂದ ಶುರುವಾಗಿ ಇಳಿಯುತ್ತಾ ಹೋಗಿ ಸೊನ್ನೆ ಮುಟ್ಟಬೇಕು.

ನಮ್ಮ ಪ್ರತಿ ಪುಟದ ಮೊದಲ ವಾಕ್ಯ ಯಾವಾಗಲೂ ಒಂದೇ ಆಗಿತ್ತು: "ಸುತ್ತಲಿನ ಪರಿಸರಕ್ಕೆ ನೆನಪಿಲ್ಲ ಎಂದಿಟ್ಟುಕೊಳ್ಳೋಣ." ಯಾಕೆ ಹಾಗೆ ಬರೆಯುತ್ತೇವೆ? ಹಾಗೆ ಬರೆದರೆ ಗಣಿತ ಸುಲಭ. ಪರಿಸರ ದೊಡ್ಡದು, ಎಲೆಕ್ಟ್ರಾನ್ ಚಿಕ್ಕದು. ಚಿಕ್ಕದು ಕಳೆದುಕೊಂಡದ್ದನ್ನು ದೊಡ್ಡದು ನುಂಗಿ ಮರೆತುಬಿಡುತ್ತದೆ ಎಂದು ನಂಬಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಉತ್ತರ ಸಿಗುತ್ತದೆ.

ಒಂದು ದಿನ ಒಕ್‌ಬುನಕ್ಕ ಹೀಲಿಯಂ ಕೊಳವೆ ಹೆಗಲ ಮೇಲೆ ಹಾಕಿಕೊಂಡು ನನ್ನ ಹಿಂದೆ ನಿಂತು ಆ ಸಾಲನ್ನು ಓದಿದರು.

"ನೆನಪಿಲ್ಲ ಅಂತ ನಿಂಗೆ ಯಾರೇ ಹೇಳಿದ್ದು?"

"ಹಾಗೆ ಇಟ್ಕೊಳ್ಳೋದು ಅಕ್ಕ, ಎಲ್ಲರೂ ಇಟ್ಕೊಳ್ತಾರೆ."

"ಅದನ್ನ ಕೇಳಿದೀರಾ? ಆ ಸುತ್ತಲಿನದನ್ನ?"

ನಾನು ಆಗ ಡಾಕ್ಟರೇಟ್ ಓದುತ್ತಿದ್ದ ಇಪ್ಪತ್ತೈದು ವರ್ಷದ ಜಾಣೆ. ನಕ್ಕುಬಿಟ್ಟೆ.

ಅಳತೆ ಮಾಡುತ್ತಿದ್ದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಅಕ್ಕ ಮಂಗಳವಾರ ಹೀಲಿಯಂ ತುಂಬಿಸುತ್ತಿದ್ದರು. ತುಂಬಿಸಿದಾಗ ಪಾತ್ರೆ ಕುದಿಯುತ್ತದೆ, ನಡುಗುತ್ತದೆ. ಬುಧವಾರ ಒಂದು ದಿನ ಸುಧಾರಿಸಿಕೊಳ್ಳಲು ಬಿಟ್ಟರೆ ಗುರುವಾರಕ್ಕೆ ಶಾಂತವಾಗುತ್ತದೆ. ಈ ಕ್ರಮ ಹಾಕಿಕೊಟ್ಟವರೂ ಅಕ್ಕನೇ.

೨೦೦೬ರ ಶರತ್ಕಾಲದಲ್ಲಿ ಗುರುವಾರದ ಗೆರೆಗಳಿಗೆ ಒಂದು ರೋಗ ಬಂತು. ಗೆರೆ ಇಳಿದು ಇಳಿದು ಸೊನ್ನೆ ಮುಟ್ಟಿ, ಎಲ್ಲಾ ಮುಗಿಯಿತು ಎನ್ನುವಾಗ ಮತ್ತೆ ಮೇಲೆದ್ದಿತು. ಒಂದು ಚಿಕ್ಕ ಉಬ್ಬು. ಮುಂದಿನ ಗುರುವಾರವೂ ಅದೇ ಜಾಗದಲ್ಲಿ ಅದೇ ಉಬ್ಬು. ಸತ್ತದ್ದು ಏಳುತ್ತದೆಯೇ? ನಮ್ಮ ಪುಸ್ತಕಗಳ ಪ್ರಕಾರ ಏಳಬಾರದು. ಹಾಗಾಗಿ ನಾನು ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆ. ಉಬ್ಬು ಬರುವ ಮುಂಚೆಯೇ ಗೆರೆಯ ಬಾಲ ಕತ್ತರಿಸಿದೆ. ಉದ್ದದ ಗೆರೆಗಳನ್ನು ಕಂಪ್ಯೂಟರಿನಿಂದ ಅಳಿಸಿ, ಮುದ್ರಿಸಿದ ಹಾಳೆಗಳನ್ನು ರದ್ದಿ ಪೆಟ್ಟಿಗೆಗೆ ಹಾಕಿದೆ. ಕತ್ತರಿಸಿದ ಗೆರೆ ಬಹಳ ಅಚ್ಚುಕಟ್ಟಾಗಿತ್ತು.

ಆದರೆ ಒಂದು ಹಾಳೆ ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರ್ ತಾಕ್ ಅವರ ಕಣ್ಣಿಗೆ ಬಿತ್ತು. ಸೋಮವಾರದ ಸಭೆಯಲ್ಲಿ ಅದನ್ನು ಮೇಜಿನ ಮೇಲೆ ತಟ್ಟಿ, "ಇದೇನಿದು? ಅಳೆಯೋವಾಗ ಪಾತ್ರೆ ಮುಟ್ಟಿದ್ದು ಯಾರು?" ಎಂದರು.

ಹನ್ನೊಂದು ಜನ ಕೂತಿದ್ದೆವು. ಹನ್ನೊಂದೂ ಜನ ನೆಲ ನೋಡಿದೆವು. ಅಕ್ಕ ಆ ಸಭೆಯಲ್ಲಿ ಇರಲಿಲ್ಲ. ತಂತ್ರಜ್ಞರನ್ನು ಆ ಸಭೆಗೆ ಕರೆಯುತ್ತಿರಲಿಲ್ಲ. ಇಲ್ಲದವರ ಮೇಲೆ ಹೇರುವುದು ಎಷ್ಟು ಹಗುರ ಎಂದು ಇಲ್ಲಿರುವ ಗುತ್ತಿಗೆಯವರಿಗೆಲ್ಲ ಗೊತ್ತು. ಒಬ್ಬರು ಬಾಯಿಬಿಟ್ಟು, "ಅಳತೆಯ ವೇಳೆಯಲ್ಲೇ ಹೀಲಿಯಂ ತುಂಬಿಸಿರಬೇಕು ಸರ್" ಎಂದರು. "ಬರೆದು ಕೊಡು" ಎಂದರು ಪ್ರೊಫೆಸರ್. ಬರೆದು ಕೊಟ್ಟರು. ಮೂರು ಸಾಲು. ಆ ಮೂರು ಸಾಲಿನ ಮೇಲೆ ಎಚ್ಚರಿಕೆ ಪತ್ರ ಹೊರಟಿತು. ಮರುವರ್ಷ ಕಾಯಂ ಮಾಡುವವರ ಪಟ್ಟಿ ಬಂದಾಗ, ಎಚ್ಚರಿಕೆ ಪತ್ರ ಇರುವವರನ್ನು ಬಿಟ್ಟರು.

ನಾನು "ಒಬ್ಬರು" ಎಂದೆ. ಮೂವತ್ತು ವೇದಿಕೆಗಳ ಮೇಲೆ ನಿಂತು ಸುಳ್ಳು ಹೇಳುವವರ ಹೆಸರು ಹಿಡಿದು ಕೂಗಿದವಳು ನಾನು. ಇಲ್ಲಿ ಮಾತ್ರ "ಒಬ್ಬರು" ಎಂದೆ. ದೊಕ್‌ಸು ಅವರು ಕೆಮ್ಮಿದ್ದು ಕೇಳಿಸಿತು. ಸರಿ. ಬರೆದವಳು ಗು ಇನ್‌ಯಂಗ್. ನಿಮ್ಮ ಸಂಘದ ಶಾಖೆಯ ಕಾರ್ಯದರ್ಶಿ. ನಾನು.

ಯಾಕೆ ಬರೆದೆ? ಹೆದರಿಕೆ. ನನ್ನಪ್ಪ ಚಂಗ್ಜು ಊರಿನಲ್ಲಿ ಬಸ್ ಓಡಿಸುತ್ತಿದ್ದ. ಮಗಳು ಡಾಕ್ಟರೇಟ್ ಮಾಡುತ್ತಿದ್ದಾಳೆ ಎಂದು ಬಸ್ ನಿಲ್ಲಿಸಿ ಹೇಳುತ್ತಿದ್ದ. ಇದು ಕಾರಣವೇ? ಅಲ್ಲ. ಇದು ನಾನು ನನಗೆ ಹೇಳಿಕೊಂಡ ಕತೆ. ಅಕ್ಕನ ದಿನಚರಿ ಪುಸ್ತಕ ಹತ್ತು ಹೆಜ್ಜೆ ದೂರದಲ್ಲಿತ್ತು. ತೆರೆದು ನೋಡಿದ್ದರೆ ಸಾಕಿತ್ತು. ತೆರೆಯಲಿಲ್ಲ.

ಎರಡು ವರ್ಷದ ಮೇಲೆ ಬೇರೆ ದೇಶದ ಕೆಲವರು ಇಂಥದೇ ಉಬ್ಬು ಕಂಡೆವು ಎಂದು ಬರೆದರು. ಅದು ತಪ್ಪಲ್ಲ, ಅದು ನೆನಪು ಎಂದರು. ಎಲೆಕ್ಟ್ರಾನಿನ ಪಕ್ಕದಲ್ಲಿರುವ ಕೆಲವೇ ಪರಮಾಣುಗಳು ಅದು ಕಳೆದುಕೊಂಡದ್ದನ್ನು ಹಿಡಿದಿಟ್ಟು, ಸ್ವಲ್ಪ ಹೊತ್ತಿನ ನಂತರ ಮರಳಿಸುತ್ತವೆ. ಆ ನಡುವಿನ ಹೊತ್ತಿನಲ್ಲಿ ಅದು ಎಲ್ಲಿತ್ತು? ಎಲೆಕ್ಟ್ರಾನನ್ನು ಒಂದನ್ನೇ ಹುಡುಕಿದರೆ ಸಿಗದು, ನೆರೆಯ ಪರಮಾಣುವನ್ನು ಒಂದನ್ನೇ ಹುಡುಕಿದರೂ ಸಿಗದು. ಅವೆರಡರ ನಡುವಿನ ನಂಟಿನಲ್ಲಿತ್ತು. ಎರಡನ್ನೂ ಜೊತೆಗಿಟ್ಟು ನೋಡಿದವರಿಗೆ ಮಾತ್ರ ಕಾಣುತ್ತದೆ.

ಪ್ರೊಫೆಸರ್ ಓಡಿ ಬಂದರು. "ಆ ಹಳೇ ಗೆರೆಗಳು ಎಲ್ಲಿ?" ನಾನು ಅಳಿಸಿದ್ದೆನಲ್ಲ.

ಆಗ ಅಕ್ಕ ತಮ್ಮ ದಿನಚರಿ ತಂದರು. ಅವರು ಹೊಸ ಕಾಗದ ಬಳಸುವವರಲ್ಲ. ನಾವು ರದ್ದಿಗೆ ಹಾಕಿದ ಹಾಳೆಗಳ ಖಾಲಿ ಬೆನ್ನಿನ ಮೇಲೆ ಬರೆದು, ದಾರದಲ್ಲಿ ಹೊಲಿದು ಇಡುತ್ತಿದ್ದರು. ನಾನು ಎಸೆದ ಗುರುವಾರಗಳೆಲ್ಲ ಅಲ್ಲಿದ್ದವು. ನೋಡಿ, ಇದು ಅದರಲ್ಲೊಂದು ಹಾಳೆ. ಈ ಕಡೆ ನನ್ನ ಗೆರೆ, ಬಾಲದ ಸಮೇತ, ಉಬ್ಬಿನ ಸಮೇತ. ತಿರುಗಿಸಿದರೆ ಅಕ್ಕನ ಅಕ್ಷರ: "ಗುರುವಾರ, ಹತ್ತು ಗಂಟೆ. ಹೀಲಿಯಂ ತುಂಬಿಲ್ಲ. ಪಾತ್ರೆ ಶಾಂತ." ಒಂದೇ ಕಾಗದ. ಒಂದು ಮುಖದಲ್ಲಿ ಅವರ ಮೇಲಿನ ಆರೋಪ, ಇನ್ನೊಂದು ಮುಖದಲ್ಲಿ ಅದಕ್ಕೆ ಉತ್ತರ.

ಆ ಹಾಳೆಗಳಿಂದ ಪ್ರಬಂಧವಾಯಿತು. ಪ್ರೊಫೆಸರ್ ಹೆಸರು ಬಂತು, ನನ್ನ ಹೆಸರು ಬಂತು, ನನಗೆ ಡಾಕ್ಟರೇಟ್ ಬಂತು. ಕೊನೆಯ ಸಾಲಿನಲ್ಲಿ "ತಾಂತ್ರಿಕ ಸಹಾಯಕ್ಕೆ ಕೃತಜ್ಞತೆಗಳು" ಎಂದಿತ್ತು. ಯಾರ ಸಹಾಯ ಎಂದಿರಲಿಲ್ಲ. ಉಬ್ಬು ನಿಜ ಎಂದು ಜಗತ್ತಿಗೆ ಸಾರಿದ ಅದೇ ಸಂಸ್ಥೆಯ ಕಡತದಲ್ಲಿ ಉಬ್ಬಿಗೆ ಒಕ್‌ಬುನ್ ಕಾರಣ ಎಂಬ ಪತ್ರ ಹಾಗೇ ಉಳಿಯಿತು. ಅದನ್ನು ತೆಗೆಯಬೇಕಾದರೆ ಬರೆದವರು ಸುಳ್ಳು ಬರೆದೆ ಎಂದು ಒಪ್ಪಬೇಕಿತ್ತು. ಬರೆದವಳು ಬಾಯಿ ಮುಚ್ಚಿಕೊಂಡಿದ್ದಳು.

೨೦೧೨ರಲ್ಲಿ ನನ್ನನ್ನೂ ಕಿತ್ತು ಹಾಕಿದರು. ಗುತ್ತಿಗೆ ಮುಗಿಯಿತು ಎಂದರು. ನಾನು ಬೇಡಿಕೆಯ ಫಲಕ ಹಿಡಿದು ಮುಖ್ಯ ದ್ವಾರದಲ್ಲಿ ಒಬ್ಬಳೇ ನಿಂತೆ, ಎಂಬತ್ತಾರು ದಿನ. ನನ್ನ ಹೋರಾಟ ಶುರುವಾದದ್ದು ಅಲ್ಲಿಂದ ಎಂದು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಹೇಳದೆ ಬಿಟ್ಟದ್ದು ಒಂದಿದೆ. ಎಂಬತ್ತಾರು ದಿನವೂ ಬೆಳಿಗ್ಗೆ ಎಂಟಕ್ಕೆ ಒಕ್‌ಬುನಕ್ಕ ಬಿಸಿ ಬಾರ್ಲಿ ನೀರು ತಂದು ಕೊಡುತ್ತಿದ್ದರು. "ಫಲಕ ನೆಟ್ಟಗೆ ಹಿಡಿಯೇ, ಓದೋಕಾಗ್ತಿಲ್ಲ" ಎನ್ನುತ್ತಿದ್ದರು. ನಾನು ಕುಡಿಯುತ್ತಿದ್ದೆ. ಕುಡಿದು ಸುಮ್ಮನಿರುತ್ತಿದ್ದೆ.

ಆಮೇಲೆ ಹನ್ನೊಂದು ವರ್ಷ ಊರೂರು ಅಲೆದೆ. ಸಂಜೆ ಶಾಲೆಗಳಲ್ಲಿ ಗಣಿತ ಹೇಳಿದೆ, ಮುಷ್ಕರದ ಡೇರೆಗಳಲ್ಲಿ ಮಲಗಿದೆ. ಎರಡು ವರ್ಷದ ಹಿಂದೆ ಮತ್ತೆ ಗುತ್ತಿಗೆಯ ಮೇಲೆ ಇದೇ ನೆಲಮಾಳಿಗೆಗೆ ಬಂದೆ. ನಿಮಗೆಲ್ಲ ಗೊತ್ತು, ಪ್ರಯೋಗಾಲಯದ ಬಾಗಿಲಲ್ಲಿ ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಒಂದು ಖಾನೆ. ಬಿಟ್ಟು ಹೋದವರ ಚಪ್ಪಲಿ ಆ ವಾರವೇ ಕಸಕ್ಕೆ ಹೋಗುತ್ತದೆ. ನಾನು ಹೊಸ ಚಪ್ಪಲಿ ಕೈಯಲ್ಲಿ ಹಿಡಿದು ಖಾಲಿ ಖಾನೆ ಹುಡುಕುತ್ತಿದ್ದೆ. ಕೆಳಗಿನ ಸಾಲಿನ ಮೂಲೆಯಲ್ಲಿ ನನ್ನ ಹಳೆಯ ಬಿಳಿ ಪಟ್ಟೆಯ ಚಪ್ಪಲಿ ಕೂತಿತ್ತು. ಹಿಮ್ಮಡಿಯ ಮೇಲೆ ನಾನೇ ಬರೆದ ನನ್ನ ಹೆಸರು. ಧೂಳಿರಲಿಲ್ಲ.

ಕಳೆದ ತಿಂಗಳು ದೂರು ಸಮಿತಿಗೆ ಅಕ್ಕನ ಅರ್ಜಿ ಬರೆಯಲು ಕೂತಾಗ ನನ್ನ ಪೆನ್ನು ಮುಂದೆ ಹೋಗಲಿಲ್ಲ. ಕೊನೆಗೆ, "ಅಕ್ಕ, ಆ ಮೂರು ಸಾಲು ಬರೆದದ್ದು ನಾನು" ಎಂದೆ.

ಅವರು ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತು."

"ಯಾವಾಗಿಂದ?"

"ಪತ್ರದ ಜೊತೆ ನಕಲು ಕೊಟ್ಟಿದ್ರಲ್ಲ. ನಿನ್ನ ಅಕ್ಷರ ನಂಗೊತ್ತಾಗಲ್ವಾ? ಕೋಳಿ ಕೆದಕಿದ ಹಾಗಿರುತ್ತೆ."

"ಮತ್ತೆ ಬಾರ್ಲಿ ನೀರು ಯಾಕೆ ತಂದ್ರಿ?"

"ಚಳಿ ಇತ್ತು."

"ಚಪ್ಪಲಿ ಯಾಕೆ ಇಟ್ಟಿದ್ರಿ?"

"ಒಳ್ಳೇ ಚಪ್ಪಲಿ ಕಣೇ. ಹೋದೋಳು ಬರ್ತಾಳೆ ಅಂತ ಇಟ್ಟಿದ್ದೆ. ತಡ ಮಾಡಿದೆ ನೀನು" ಎಂದು ಹಣ್ಣಿನ ಹೋಳು ನನ್ನ ಕೈಗಿಟ್ಟು, "ಈಗಾದ್ರೂ ಬರಿ. ಅಕ್ಷರ ನೆಟ್ಟಗಿರಲಿ" ಎಂದರು.

ಸಭಿಕರೇ, ಸುತ್ತಲಿನ ಪರಿಸರಕ್ಕೆ ನೆನಪಿಲ್ಲ ಎಂದು ನಾನು ಎಷ್ಟು ಪುಟಗಳ ಮೇಲೆ ಬರೆದಿದ್ದೇನೋ ದೇವರಿಗೇ ಗೊತ್ತು. ಸಂಸ್ಥೆಯೂ ಅದನ್ನೇ ನಂಬಿದೆ. ನೆಲ ಒರೆಸುವವರಿಗೆ, ಹೀಲಿಯಂ ಹೊರುವವರಿಗೆ, ಸಾರು ಬಡಿಸುವವರಿಗೆ ನೆನಪಿಲ್ಲ ಎಂದುಕೊಂಡೇ ಅದರ ಎಲ್ಲ ಸಮೀಕರಣಗಳು ನಡೆಯುತ್ತವೆ. ಅಕ್ಕನ ನಲವತ್ತೊಂದು ದಿನಚರಿಗಳು ಈ ಮೇಜಿನ ಮೇಲಿವೆ. ಬಂದು ಮುಟ್ಟಿ ನೋಡಿ.

ಪ್ರೊಫೆಸರ್ ತಾಕ್ ಅವರನ್ನೂ ಕಂಡು ಬಂದೆ. "ನಾನು ಮಾತಾಡಲ್ಲ, ಆದ್ರೆ ಅಡ್ಡ ಬರಲ್ಲ" ಎಂದರು. ಅಷ್ಟು ಸಾಕು. ಮಾತಾಡಬೇಕಾದವಳು ನಾನು. ಸುಳ್ಳು ಬರೆದವಳ ಮೇಲೆ ಏನು ಕ್ರಮ ಜರುಗಿಸುತ್ತಾರೋ ಜರುಗಿಸಲಿ. ನನ್ನ ಗುತ್ತಿಗೆ ಹೋಗಬಹುದು, ಈ ಕಾರ್ಯದರ್ಶಿ ಪದವಿಯನ್ನು ನೀವೇ ಕಿತ್ತುಕೊಳ್ಳಬಹುದು. ಕಿತ್ತುಕೊಂಡರೂ ದೂರು ಸಮಿತಿ ಕೂರುವ ದಿನ ತಪ್ಪದೆ ಬನ್ನಿ. ನಾನು ಆ ಕೋಣೆಯಲ್ಲಿ ಮತ್ತೆ ಹೆದರಿ ನೆಲ ನೋಡಿದರೆ, ನೆಲದ ಮೇಲೆ ನಿಮ್ಮ ಕಾಲುಗಳು ಕಾಣಲಿ. ಎಲ್ಲರೂ ನಿಮ್ಮ ನಿಮ್ಮ ಖಾನೆಯ ಚಪ್ಪಲಿಯಲ್ಲೇ ಬನ್ನಿ. ನಾನು ಆ ಹಳೆಯದನ್ನು ಹಾಕಿಕೊಂಡು ಬರುತ್ತೇನೆ.

ಅಕ್ಕಿ ಕಡುಬು ಬೇಯಿಸಿಕೊಟ್ಟ ಸುಕ್‌ಜಾ ಅವರಿಗೆ, ದೂರದಿಂದ ಬಂದ ದೊಕ್‌ಸು ಅವರಿಗೆ, ನಿಂತೇ ಕೇಳಿದ ನಿಮ್ಮೆಲ್ಲರಿಗೆ ನನ್ನ ಕೃತಜ್ಞತೆಗಳು. ಒಕ್‌ಬುನಕ್ಕನಿಗೆ ಕೃತಜ್ಞತೆ ಇಲ್ಲಿ ಹೇಳುವುದಿಲ್ಲ, ಕಡತದಲ್ಲಿ ಬರೆಸಿ ಹೇಳುತ್ತೇನೆ. ಎಲ್ಲರಿಗೂ ನಮಸ್ಕಾರ.

ದೂರು ಸಮಿತಿಯ ಸಭೆ ಮುಖ್ಯ ಕಟ್ಟಡದ ಮೂರನೇ ಮಹಡಿಯಲ್ಲಿ. ನವೆಂಬರ್ ಇಪ್ಪತ್ತೇಳು, ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.