ಧೂಳೋ, ಗಾಜೋ

ಅತ್ತಿಗೆಯವರೇ, ನಿಮ್ಮ ಮಗಳು ವಾಯ್-ಸಾಮ್, ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿರುವ ಟೋಂಗ್ ಮಾಸ್ತರರೇ, ಕೆಲಸ ಬಿಟ್ಟು ಈ ಶ್ರದ್ಧಾಂಜಲಿ ಸಭೆಗೆ ಶಾಮ್ ಷುಯಿ ಪೋ ಬಡಾವಣೆಯವರೆಗೆ ಬಂದಿರುವ ಎಲ್ಲರಿಗೂ ನನ್ನ ನಮಸ್ಕಾರ.

ನಾನು ಲೋಕ್ ಫೂಕ್-ಚುಂಗ್. ಹಳೆಯ ಸಿನಿಮಾಗಳನ್ನು ಶುಚಿ ಮಾಡಿ ಡಿಸ್ಕಿಗೆ ಹಾಕುವ ನಮ್ಮ ಕೋಣೆಯಲ್ಲಿ, ಮಾಕ್ ಶಿಯು-ಕೇ ಅಣ್ಣನ ಪಕ್ಕದ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷ ಕುಳಿತವನು. ಓದಿದ್ದು ಕಡಿಮೆ. ತಡವರಿಸಿದರೆ ಮನ್ನಿಸಿ.

ಅಣ್ಣನ ಒಳ್ಳೆಯತನದ ಬಗ್ಗೆ ಎಲ್ಲರೂ ಹೇಳಿದಿರಿ. ನಾನು — ಒಂದು ತಪ್ಪಿನ ಬಗ್ಗೆ ಹೇಳಬೇಕು.

'ಬಂದರು ಗಸ್ತು' ಸಿನಿಮಾ ನಿಮಗೆಲ್ಲ ಗೊತ್ತು. ಪೊಲೀಸು ಕಳ್ಳನ ಬೆನ್ನಟ್ಟಿ, ಹೋಟೆಲಿನ ಎರಡನೇ ಮಹಡಿಯ ಗಾಜು ಒಡೆದುಕೊಂಡು ಬೀದಿಗೆ ಬೀಳುತ್ತಾನಲ್ಲ — ಅದು. ಮುಖ ನಾಯಕನದು, ಅವನ ಬದಲಿಗೆ ಬಿದ್ದವರು ನಮ್ಮ ಟೋಂಗ್ ಮಾಸ್ತರರು. ಮೈಗೆ ಚುಚ್ಚದ ಸಕ್ಕರೆಯ ಗಾಜು ಎಂದು ಹೇಳಿ ನಿಜವಾದ ಗಾಜು ಇಟ್ಟಿದ್ದರು. ಆ ಕೋಲು ಅವತ್ತಿನದು.

ವರ್ಷಗಟ್ಟಲೆ ಆ ಸಿನಿಮಾ ಮಸುಕು ಟೇಪಿನಲ್ಲೇ ಉಳಿದಿತ್ತು. ಕಡೆಗೂ ಮೂಲ ರೀಲು ನಮ್ಮ ಕೈಗೆ ಬಂತು. ಕೇ ಅಣ್ಣ ಹೇಳಿದ್ದು ಒಂದೇ ಮಾತು: "ಧೂಳೋ ಗಾಜೋ ಗೊತ್ತಾಗ್ದಿದ್ರೆ ಕೈ ತೆಗಿ." ನಾನು ಕೇಳಲಿಲ್ಲ. ಊಟಕ್ಕೆ ಹೋಗುವ ಅವಸರದಲ್ಲಿ ಇಡೀ ಸಿನಿಮಾವನ್ನು ಧೂಳು ಅಳಿಸುವ ಯಂತ್ರಕ್ಕೆ ಬಿಟ್ಟೆ. ರೀಲಿನ ಒಂದು ಫ್ರೇಮಿನಲ್ಲಿ ಕಂಡು ಮುಂದಿನದರಲ್ಲಿ ಕಾಣದ ಬಿಳಿ ಚುಕ್ಕೆಯೆಲ್ಲ ಆ ಯಂತ್ರಕ್ಕೆ ಧೂಳು. ಬಂದು ನೋಡಿದರೆ ಕನ್ನಡಿಯ ಹಾಗಿತ್ತು. ಹಿಗ್ಗಿದೆ.

ಮಾದರಿ ನೋಡಲು ಅಣ್ಣ ಟೋಂಗ್ ಮಾಸ್ತರರನ್ನು ಕರೆಸಿದರು. ನಮ್ಮ ಕಂಪನಿಯ ಯಜಮಾನರೂ ಇದ್ದರು. ಆ ದೃಶ್ಯ ಬಂತು, ಹೋಯಿತು. ಮಾಸ್ತರರು — ನೆನಪಿದೆಯಾ ನಿಮಗೆ? — ತಿರುಗಿ ಕೇಳಿದರು:

"ಗಾಜೆಲ್ಲಿ ಹೋಯ್ತಪ್ಪಾ? ನಾನೇನು ಗಾಳೀಲಿ ಈಜ್ತಾ ಬಂದ್ನಾ?"

ಯಾರೂ ನಗಲಿಲ್ಲ. ಆ ಮನುಷ್ಯ ಅಲ್ಲಿ ಬಿದ್ದಿದ್ದಕ್ಕೆ ಇದ್ದ ಸಾಕ್ಷಿ ಆ ಚೂರುಗಳು ಮಾತ್ರ. ಅಳಿಸಿದ್ದು ನಾನು.

"ಯಾರ ಕೆಲಸ ಇದು?" ಎಂದರು ಯಜಮಾನರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ, "ನಂದೇ ಸರ್" ಎಂದರು.

ನಾನು — ಬಾಯಿ ಮುಚ್ಚಿಕೊಂಡೆ.

ಆಮೇಲೆ ಮೆಟ್ಟಿಲ ಹತ್ತಿರ ಕೇಳಿದೆ, "ಯಾಕಣ್ಣ ಹಂಗಂದೆ?"

"ನಿನ್ನ ಗುತ್ತಿಗೆ ಮುಂದಿನ ತಿಂಗಳು ಮುಗಿಯತ್ತೆ. ನನ್ನ ಬಯ್ದು ಬಯ್ದು ಅವರಿಗೂ ಅಭ್ಯಾಸ ಆಗಿದೆ. ಚಹಾ ಕುಡಿ, ಆರ್ತಾ ಇದೆ."

ಏಳು ವಾರ. ಅಣ್ಣ ಮೂಲ ಫ್ರೇಮುಗಳನ್ನು ಮತ್ತೆ ತೆರೆದು, ಧೂಳನ್ನು ಮಾತ್ರ ಒಂದೊಂದಾಗಿ ಕೈಯಲ್ಲೇ ತೆಗೆದರು. ಚೂರುಗಳು ಬಂದವು, ಯಂತ್ರ ಅಳಿಸಿದ್ದ ಗುಂಡಿನ ಕಿಡಿಗಳೂ ಬಂದವು. ಡಿಸ್ಕ್ ತಡವಾಯಿತೆಂದು ಯಜಮಾನರು ಅದರ ಪೆಟ್ಟಿಗೆಯ ಮೇಲಿಂದ ಅಣ್ಣನ ಹೆಸರು ತೆಗೆದರು. ಉಳಿದದ್ದು ನನ್ನದು. 'ಗಾಜಿನ ಚೂರು ಎಣಿಸಬಹುದು, ಅಷ್ಟು ಚೆನ್ನಾಗಿದೆ' ಎಂದು ಜನ ನನ್ನನ್ನು ಹೊಗಳಿದರು. ಹೊಗಳಿಸಿಕೊಂಡೆ. ಆರು ವರ್ಷ.

ವಾಯ್-ಸಾಮ್, ನೀನು ಪೆಟ್ಟಿಗೆ ತಿರುಗಿಸಿ, "ಅಪ್ಪ, ನಿಮ್ಮ ಹೆಸರೆಲ್ಲಿ?" ಎಂದು ಕೇಳಿದ್ದೆಯಂತೆ. "ಅಕ್ಷರ ಚಿಕ್ಕದು, ಕನ್ನಡಕ ಹಾಕ್ಕೊಂಡು ನೋಡು" ಎಂದರಂತೆ. ಇಲ್ಲಮ್ಮ. ಹೆಸರು ಇರಲೇ ಇಲ್ಲ. ನನ್ನಿಂದ.

ಮುಂದಿನ ಮುದ್ರಣದಲ್ಲಿ ನನ್ನ ಹೆಸರಿನ ಜಾಗಕ್ಕೆ ಅವರದು ಬರಲಿ ಎಂದು ನಿನ್ನೆ ಯಜಮಾನರನ್ನು ಕೇಳಿದೆ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದಕ್ಕೇ ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ. ಅವರೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದಾರೆ.

ಈಗ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲೋಣ. ಟೋಂಗ್ ಮಾಸ್ತರರೇ, ನೀವು ಕುಳಿತೇ ಇರಿ. ಕಣ್ಣು ಮುಚ್ಚಬೇಡಿ, ಅಣ್ಣನ ಪಟ ನೋಡಿ. ಕೆನ್ನೆಯ ಮೇಲೊಂದು ಬಿಳಿ ಚುಕ್ಕೆ ಇದೆ. ಪಟದ ಅಂಗಡಿಯವನು ತೆಗೆಯಲೇ ಎಂದು ಕೇಳಿದ. ಅದು ಧೂಳೋ, ಅಣ್ಣನದೇ ಕಲೆಯೋ — ನನಗೆ ಗೊತ್ತಾಗಲಿಲ್ಲ.

ಕೈ ತೆಗಿ ಎಂದೆ.