ನಾಯಿಗೆ ಯಾರು ಕುಕ್ಕೆ ಕಟ್ಟುತ್ತಾರೆ

ನಂದಗುಡಿಯ ಪಶು ಆಸ್ಪತ್ರೆಯ ಜಗುಲಿಯಲ್ಲಿ ಕೂತು ನಮ್ಮ ಕರುವಿನ ಕಿವಿಯ ಉಣ್ಣೆಹುಳ ಕೀಳುತ್ತಿದ್ದೆ. ಪಕ್ಕದಲ್ಲಿ ಯಾರದೋ ಮನೆಯ ಅತ್ತೆ ಸೊಸೆ. ನಡುವೆ ಗೋಣಿಚೀಲದ ಮೇಲೆ ನಡುಗುತ್ತಿದ್ದ ಕಂದು ನಾಯಿ. ಅದರ ಬಾಯಲ್ಲಿ ನೊರೆ.

“ಅತ್ತೆ, ನಿಜ ಹೇಳಿ. ಬರೀ ಸೋಪು ಹಚ್ಚಿ ತೊಳ್ದಿದ್ಕೆ ಹಿಂಗೆ ನಡುಗ್ತದಾ?”

“ಸೋಪೇ ಕಣೇ ಅರ್ಪಿತ.”

“ಮತ್ತೆ ಹಸೂಗೆ ಹಚ್ಚೋ ಉಣ್ಣೆ ಔಷಧಿ ವಾಸ್ನೆ ಹೊಡೀತೈತಲ್ಲ?”

ಅತ್ತೆ ಸೀರೆಯ ಮಡಿಲನ್ನು ಒತ್ತಿ ಹಿಡಿದುಕೊಂಡರು.

“ಹಸೂಗೆ ಕಲ್ಸೋ ಹಂಗೇ ಕಲ್ಸಿ ಸ್ನಾನ ಮಾಡಿಸ್ದೆ. ಮೈತುಂಬ ಉಣ್ಣೆ, ನೋಡಕ್ಕಾಗ್ಲಿಲ್ಲ.”

“ಹಸು ನೆಕ್ಕದಂಗೆ ಮೂತಿಗೆ ಕುಕ್ಕೆ ಕಟ್ತೀರಲ್ಲ. ಇದಕ್ಕೆ?”

“ನಾಯಿಗೆ ಯಾರು ಕುಕ್ಕೆ ಕಟ್ತಾರೆ? ಬಿಸ್ಲಲ್ಲಿ ಕೂತು ಮೈಯೆಲ್ಲ ನೆಕ್ಕೊಂಬಿಡ್ತು.”

“ಡಾಕ್ಟ್ರಿಗೆ ಹೇಳ್ಬಿಡಿ ಅತ್ತೆ. ಹೇಳ್ದಿದ್ರೆ ಯಾವ ಇಂಜೆಕ್ಷನ್ ಅಂತ ಕೊಡ್ತಾರೆ?”

“ನಿನ್ ಗಂಡ ಏರ್‌ಪೋರ್ಟ್ ಡ್ಯೂಟಿಯಿಂದ ಬಂದವ್ನು, ಬೇಕಂತ್ಲೇ ವಿಷ ಹಾಕ್ದೆ ಅಂತಾನೆ. ಈ ಶನಿ ಯಾವತ್ತು ಸಾಯ್ತದೋ ಅಂತ ದಿನಾ ಬೈತಿದ್ದೋಳು ನಾನೇ ಅಲ್ವಾ?”

“ಬೈತಿದ್ರಿ. ರಾತ್ರಿ ಕಾಲತ್ರ ಮಲಗಿಸ್ಕೊಂತಾನೂ ಇದ್ರಿ.”

“ನೀನ್ ನೋಡಿದ್ಯಾ?”

“ಮನೇರೆಲ್ಲ ನೋಡವ್ರೆ. ನಿಮ್ ಮಗಾನೂ.”

ಒಳಗಿದ್ದ ಹಸು ಹೊರಗೆ ಬಂತು. “ನಾಯಿಗೆ ಏನು ತಿನ್ನಿಸಿದ್ರಮ್ಮ?” ಎಂದು ಡಾಕ್ಟರು ಬಾಗಿಲಿಂದಲೇ ಕೇಳಿದರು.

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು. ಮಡಿಲಲ್ಲಿ ಬಚ್ಚಿಟ್ಟುಕೊಂಡು ತಂದಿದ್ದ ಔಷಧಿ ಸೀಸೆಯನ್ನು ತೆಗೆದು, “ತಿನ್ನಿಸ್ಲಿಲ್ಲ ಸ್ವಾಮಿ, ಇದ್ರಲ್ಲಿ ಸ್ನಾನ ಮಾಡಿಸ್ದೆ. ನಾನೇ,” ಎನ್ನುತ್ತಾ ಒಳಗೆ ಹೋದರು. ಸೊಸೆ ನಾಯಿಯನ್ನು ಗೋಣಿಚೀಲದ ಸಮೇತ ಎತ್ತಿಕೊಂಡು ಹಿಂದೆಯೇ ನಡೆದಳು.